ಕಳ್ಳ ಬಿಟ್ಟುಹೋದ ದನಿಯನ್ನು ಅಳಿಸಿದವರಿಗೆ

ಸೈಬರ್ ಅಪರಾಧ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಕಚೇರಿಯ ಸರ್ವರ್‌ಗೆ ಕನ್ನ ಹಾಕಿದ ಕಳ್ಳ ಅರ್ಧವನ್ನಾದರೂ ಬಿಟ್ಟುಹೋಗಿದ್ದ. ಆ ಅರ್ಧವನ್ನು ತಮ್ಮ ವಿಭಾಗ ಅಳಿಸಿ, ಮೊಹರು ಹಾಕಿ, ನನ್ನ ಸಹಿ ಪಡೆದು ಹಿಂದಿರುಗಿಸಿದೆ. ಕಳ್ಳನ ವಿಳಾಸ ಗೊತ್ತಿಲ್ಲ. ಆದ್ದರಿಂದ ಈ ಪತ್ರ ತಮಗೆ.

ನಾನು ಮಾತಿನ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುವವಳು. ಎರಡು ಕೋಣೆಯ ಕಚೇರಿ. ಸರ್ವರ್ ಎಂದರೆ ಕಪಾಟಿನಲ್ಲಿ ಗುಂಯ್‌ಗುಡುವ ಒಂದು ಪೆಟ್ಟಿಗೆ. ಅದರಲ್ಲಿ ನಮ್ಮ ಬೀದಿಯ ಕ್ಷೌರಿಕರ ದನಿಯಿತ್ತು. ಗಿರಾಕಿಗಳು ಅವರನ್ನು ಮಾತಿನಮಲ್ಲ ಎನ್ನುತ್ತಿದ್ದರು. ಕ್ಯಾನ್ಸರ್‌ನಿಂದಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬಂದಾಗ, ಅದಕ್ಕೆ ಮೊದಲು ವಾರಗಟ್ಟಲೆ ನಮ್ಮಲ್ಲಿಗೆ ಬಂದು ಮಾತಾಡಿ ಹೋದರು, ಮುಂದೆ ಯಂತ್ರವೊಂದು ಅವರದೇ ದನಿಯಲ್ಲಿ ಮಾತಾಡಲೆಂದು.

ಒಂದು ಬೆಳಿಗ್ಗೆ ರೋಗಿಗಳ ಕಡತಗಳು ತೆರೆಯಲಿಲ್ಲ. ಕಂಪ್ಯೂಟರ್ ರಿಪೇರಿಯೇ ಕಸುಬಾದ ನನ್ನ ನಾದಿನಿ ಓಡಿಬಂದು ಮೊದಲು ನೆಟ್‌ವರ್ಕ್ ತಂತಿ ಕಿತ್ತಳು. "ಗಾಬರಿ ಬೇಡ ಅತ್ತಿಗೆ. ಪ್ರತಿ ಇಟ್ಟಿದ್ದ ಡಿಸ್ಕ್‌ಗೂ ಕಳ್ಳ ಬೀಗ ಜಡಿದಿದಾನೆ, ನಿಜ. ಆದ್ರೆ ಈ ಪೆಟ್ಟಿಗೇಲಿ ದನಿಗಳೆಲ್ಲ ಹಾಗೇ ಇವೆ. ಮೊದಲು ನಕಲು ತೆಗೀತೀನಿ."

ನಾನೋ ಕಾನೂನು ಪಾಲಿಸುವವಳು. ಅಷ್ಟರಲ್ಲಾಗಲೇ ತಮ್ಮಲ್ಲಿ ದೂರು ಕೊಟ್ಟಿದ್ದೆ. ನಕಲು ಶುರುವಾಗುವ ಮೊದಲೇ ತಮ್ಮ ಅಧಿಕಾರಿ ಬಂದರು.

"ಇದು ಸಾಕ್ಷ್ಯ. ಯಾರೂ ಮುಟ್ಟೋ ಹಾಗಿಲ್ಲ."

"ಸ್ವಲ್ಪ ತಾಳಿ ಸಾರ್. ಅದರಲ್ಲಿ ಒಬ್ಬರ ದನಿ ಇದೆ."

"ದನಿ ಎಲ್ಲಿಗೆ ಹೋಗುತ್ತಮ್ಮ? ನಮ್ಮ ಹತ್ರ ಭದ್ರವಾಗಿರುತ್ತೆ."

ಎಂಥ ಭದ್ರತೆ! ಅಷ್ಟರಲ್ಲಿ ಮಾತಿನಮಲ್ಲರ ಶಸ್ತ್ರಚಿಕಿತ್ಸೆ ಮುಗಿಯಿತು. ನಾನು ತಮ್ಮ ಠಾಣೆಯ ಬೆಂಚು ಸವೆಸಿದೆ. ಕೊನೆಗೂ ಪೆಟ್ಟಿಗೆ ಮರಳಿತು. "ಒಂದು ವೈರಸ್ಸೂ ಇಲ್ಲ ಮೇಡಂ, ಫಾರ್ಮ್ಯಾಟ್ ಮಾಡಿ ಕ್ಲೀನಾಗಿ ಕೊಟ್ಟಿದೀವಿ" ಎಂದು ಅದೇ ಅಧಿಕಾರಿ ನಕ್ಕರು. ಯಾರೂ ಮುಟ್ಟಬಾರದೆಂದದ್ದು ತಾವೇ ಒರೆಸಿಹಾಕಲೆಂದೇ? ರೋಗಿಯನ್ನು ಸುಟ್ಟು, ಜ್ವರ ಬಿಟ್ಟಿತೆಂದು ಬೆನ್ನು ತಟ್ಟಿಕೊಳ್ಳುವ ವೈದ್ಯವನ್ನು ತಮ್ಮವರು ಎಲ್ಲಿ ಕಲಿತರು?

ನಾದಿನಿ ಊಟ ತಿಂಡಿ ಮರೆತು ಡಿಸ್ಕ್ ಜಾಲಾಡಿದಳು. ಸಿಕ್ಕಿದ್ದು ಒಂದೇ ಚೂರು. ಮಾತಿನಮಲ್ಲರು ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಹೆಂಡತಿಯ ಜೊತೆ ಬಂದು ಕೂತರು. ಸ್ಪೀಕರಿನಿಂದ ಅವರ ದನಿ ಕೇಳಿತು: "ಸಾಕಾ ಮೇಡಂ? ಇನ್ನೂ ಮಾತಾಡ್ಲಾ?"

"ಮಾತಾಡಿ," ಎಂದು ಆಕೆ ಸ್ಪೀಕರಿಗೇ ಹೇಳಿದರು. "ಇನ್ನೊಂಚೂರು ಮಾತಾಡಿ."

ಮಾತಿನಮಲ್ಲರು ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಎದ್ದು ಆಚೆ ಕೋಣೆಗೆ ಹೋದೆ.

ಇನ್ನು ಮೇಲೆ ಯಾರದೇ ಯಂತ್ರವನ್ನು ಜಪ್ತಿ ಮಾಡುವ ಮೊದಲು ಅದರ ನಕಲೊಂದನ್ನು ಒಡೆಯರಿಗೆ ಕೊಡಬೇಕೆಂದು ಆದೇಶ ಹೊರಡಿಸಿ. ಅಳಿಸಲು ಹೇಳಿದವರು ಯಾರೆಂದು ಆ ದಂಪತಿಯ ಎದುರು ನಿಂತು ಬಾಯಿಬಿಟ್ಟು ಹೇಳಿ. ದನಿ ತಮಗಾದರೂ ಉಳಿದಿದೆಯಲ್ಲ.

ಇಂತಿ,
ತಮಗೆ ದೂರು ಕೊಡುವಷ್ಟು ತಿಳಿಗೇಡಿಯಾದ
ಒಬ್ಬ ವಾಕ್‌ಚಿಕಿತ್ಸಕಿ