ಜಾಹೀರಾತು ಬಂದ ಭಾನುವಾರ

ಮೌಂಟನ್ ವ್ಯೂ
ಶನಿವಾರ, ೪ ಫೆಬ್ರವರಿ ೧೯೮೪

ಪೂಜ್ಯ ಶೇಷಗಿರಿ ಭಾವನವರಿಗೆ ಜಲಜಾ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ಮಾತಾಡಿದರೆ ಇವರ ಕಿವಿಗೆ ಬೀಳುತ್ತದೆ. ಅದಕ್ಕೇ ಬರೆದು, ನಿಮ್ಮ ಊರು ಫ್ರೀಮಾಂಟಿಗೆ ಹೊರಟಿರುವ ಪಕ್ಕದ ಮನೆಯ ವಿಮಲಾ ಕೈಯಲ್ಲಿ ಕಳಿಸುತ್ತಿದ್ದೇನೆ.

ಎರಡು ವಾರದ ಹಿಂದೆ ಭಾನುವಾರ ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಫೈನಲ್ ನೋಡಲು ನಿಮ್ಮ ತಮ್ಮನ ಆಫೀಸಿನವರೆಲ್ಲ ನಮ್ಮ ಮನೆಗೆ ಬಂದಿದ್ದರು. ಆಟದ ನಡುವೆ ಬೇರೊಂದು ಕಂಪನಿಯ ಹೊಸ ಕಂಪ್ಯೂಟರಿನ ಜಾಹೀರಾತು ಬಂತು. ಗಲಾಟೆ ಮಾಡುತ್ತಿದ್ದವರೆಲ್ಲ ಟಿವಿಯ ಹತ್ತಿರ ಸರಿದರು. ಇವರು ಮೂರು ವರ್ಷದಿಂದ ಹಗಲಿರುಳು ದುಡಿದದ್ದೂ ಅಂಥದೇ ಯಂತ್ರಕ್ಕೆ. "ಮುಗೀತು. ಇನ್ನು ನಮ್ಮದನ್ನ ಯಾರು ಕೇಳ್ತಾರೆ?" ಎಂದಷ್ಟೇ ಅಂದರು. ಮರುದಿನದಿಂದ ಅಂಗಡಿಯಲ್ಲಿ, ನಮ್ಮ ಪದ್ಮಜಾಳ ಶಾಲೆಯಲ್ಲಿ, ಎಲ್ಲೆಲ್ಲೂ ಆಟಕ್ಕಿಂತ ಆ ಜಾಹೀರಾತಿನದೇ ಮಾತು.

ಇವರು ದಿನಾ ಎಂಟಕ್ಕೆ ಊಟದ ಡಬ್ಬಿ ಹಿಡಿದು ಹೊರಡುತ್ತಾರೆ. ಸಂಜೆ ಕೇಳಿದರೆ, "ಮೀಟಿಂಗು ಜಾಸ್ತಿ" ಎಂದು ನಗುತ್ತಾರೆ. ಮೊನ್ನೆ ಇವರ ಆಫೀಸಿನ ಜಯಕರ ದಾರಿಯಲ್ಲಿ ಸಿಕ್ಕಿ, "ಅನಂತ ಒಂದು ವಾರದಿಂದ ಆಫೀಸಿಗೇ ಬಂದಿಲ್ಲ, ಹುಷಾರಿಲ್ವಾ?" ಎಂದು ಕೇಳಿದರು.

ನಿನ್ನೆ ಸಂಜೆ ಪದ್ಮಜಾಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು. ಎಲ್ಲಿಗೆ ಹೋಗಿದ್ದೆ ಪುಟ್ಟಿ ಎಂದರೆ, "ಬ್ರಿಡ್ಜ್ ಹತ್ರ. ಡ್ಯಾಡಿ ನೀರು ನೋಡ್ತಾನೇ ಇದ್ರು, ನಾನು ಕರೆದ್ರೂ ಬರ್ಲಿಲ್ಲ" ಅಂದಳು.

ನಾಳೆ ಬೇಡ ಭಾವ, ಇವತ್ತೇ ಬನ್ನಿ. ಊಟಕ್ಕೆ ಬಂದೆ ಅನ್ನಿ. ಹೋಗುವಾಗ ಮಗು ನಾಲ್ಕು ದಿನ ದೊಡ್ಡಮ್ಮನ ಹತ್ತಿರ ಇರಲಿ ಎಂದು ಕರೆದುಕೊಂಡು ಹೋಗಿ.

ಕಾರಿನ ಕೀಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೇನೆ. ಇವರು ಬೆಳಗ್ಗೆಯಿಂದ ಮನೆಯೆಲ್ಲ ಹುಡುಕುತ್ತಿದ್ದಾರೆ. ನನ್ನನ್ನು ಮಾತ್ರ ಕೇಳುತ್ತಿಲ್ಲ.

ನಿಮ್ಮ ದಾರಿ ಕಾಯುತ್ತಿರುವ,
ಜಲಜಾ