ಸ್ಪ್ರೇ ಹೊಡೆಯದೆ ಒತ್ತಿದ ಗುಂಡಿ

ಅಣ್ಣಾ,

ನಮಸ್ಕಾರ. ಸೋಮವಾರದಿಂದ ನಿನ್ನ ಕಾರ್ಖಾನೆಯ ಪ್ಯಾಕಿಂಗ್ ಮೇಜಿಗೆ ಬಂದು ಕೂರು ಎಂದು ಹೇಳಿ ಕಳಿಸಿದ್ದೀಯ. ಅದಕ್ಕೆ ಉತ್ತರ ಇದು. ಅವಸರ ಮಾಡದೆ ಕೂತು ಓದು.

ನಾನು ಆಡಿದ ಮಾತನ್ನೇನೂ ಮರೆತಿಲ್ಲ. ಅವತ್ತು ನೀನು ನನ್ನ ಮನೆಯ ಹಿಂದಿನ ಕೋಣೆಗೆ ಬಂದು, ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ಒತ್ತುವ ಕೈಮಶೀನಿನ ಹಿಡಿಯನ್ನು ಎರಡು ಬೆರಳಲ್ಲಿ ಅಲ್ಲಾಡಿಸಿ ನಕ್ಕೆ. "ಇದ್ರಲ್ಲಿ ಮಾಡಿದ್ದು ಯಾರಮ್ಮಾ ತಗೋತಾರೆ? ಮೈಯೆಲ್ಲ ಬೂದಿ ಬಳಿದ ಹಾಗಿದೆ" ಎಂದೆ. ಮೂರು ತಿಂಗಳೊಳಗೆ ರೇಡಿಯೋ ರಿಪೇರಿಯವರು ನಾನು ಮಾಡಿದ ರೇಡಿಯೋ ತಿರುಗಿಸುವ ಗುಂಡಿಗಳನ್ನು ಒಪ್ಪದಿದ್ದರೆ ಮಶೀನು ಮಾರಿ ನಿನ್ನಲ್ಲಿಗೇ ಬರುತ್ತೇನೆ ಎಂದು ನಾನೇ ಹೇಳಿದೆ. ಅತ್ತಿಗೆಯೇ ಸಾಕ್ಷಿ.

ಆಮೇಲೆ ಪಟ್ಟ ಪಾಡು ನನಗೇ ಗೊತ್ತು. ಕರಗಿಸುವ ಪ್ಲಾಸ್ಟಿಕ್ ಕಾಳಲ್ಲಿ ತೇವ ಇದೆಯೇನೋ ಎಂದು ಹಳೆಯ ಓವನ್ನಿನಲ್ಲಿ ಗಂಟೆಗಟ್ಟಲೆ ಒಣಗಿಸಿದೆ. "ಅಮ್ಮಾ, ಇದಕ್ಕೆ ಉಪ್ಪು ಖಾರ ಹಾಕಲ್ವಾ?" ಎಂದು ಮಗಳು ಗೇಲಿ ಮಾಡಿದಳು. ನನ್ನ ಮೂಗು ಕಾಣುವಷ್ಟು ಅಚ್ಚನ್ನು ಉಜ್ಜಿದೆ. ಒತ್ತುವ ಮೊದಲು ಅದನ್ನು ಬಿಸಿ ಮಾಡಿದೆ. ಗುಂಡಿಯ ಮೇಲೆ ಮೂಡುತ್ತಿದ್ದ ಗೆರೆಗಳು ಹೋದವು, ಬೂದಿಯಂಥ ಮಸುಕು ಮಾತ್ರ ಹೋಗಲಿಲ್ಲ. ರಿಪೇರಿಯವರು ಎರಡು ಸಲ ವಾಪಸು ಕಳಿಸಿದರು. ಎರಡನೇ ಸಲ ಬಚ್ಚಲಲ್ಲಿ ನಿಂತು ಅತ್ತೆ. ನಿನಗೆ ಹೇಳಿದ್ದರೆ ನೀನು ಪಾಪ ಅನ್ನುತ್ತಿದ್ದೆ. ಅದು ನನಗೆ ಬೇಕಿರಲಿಲ್ಲ.

ಅಷ್ಟೂ ದಿನ ನಾನು ಅನುಮಾನಿಸದೆ ಉಳಿದದ್ದು ಒಂದೇ, ನಿನ್ನ ಮಾತು. ಹಿಂದೆ ನಾನು ನಿನ್ನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ನೀನು ಕೈಗೆ ಸ್ಪ್ರೇ ಡಬ್ಬಿ ಕೊಟ್ಟು, "ಪ್ರತಿ ಸಲ ಅಚ್ಚಿಗೆ ಇದನ್ನ ಎರಡು ಸಲ ಹೊಡಿ, ಇಲ್ಲಾಂದ್ರೆ ಸಾಮಾನು ಅಂಟ್ಕೊಳ್ಳತ್ತೆ" ಎಂದಿದ್ದೆ. ಮನೆಯಲ್ಲೂ ನಾನು ಕಣ್ಣುಮುಚ್ಚಿ ಹೊಡೆಯುತ್ತಿದ್ದೆ. ಬುಧವಾರ ನೀನು ಹೇಳಿ ಕಳಿಸಿದ ಮಾತು ಕೇಳಿ ಮೈ ಉರಿದು ಡಬ್ಬಿಯನ್ನು ಮೂಲೆಗೆ ಎಸೆದೆ. ಸ್ಪಿರಿಟ್ಟಿನಿಂದ ಅಚ್ಚು ಒರೆಸಿದರೆ ಬಟ್ಟೆಯ ತುಂಬ ಜಿಡ್ಡು. ಏನೂ ಹೊಡೆಯದೆ ಒತ್ತಿದೆ. ಗುಂಡಿ ಬೆರಳು ಸೋಕುತ್ತಲೇ ಕಳಚಿಕೊಂಡಿತು. ಮಸುಕಿನ ಸುಳಿವೇ ಇರಲಿಲ್ಲ.

ಮರುದಿನ ರಿಪೇರಿಯವರು ಹಳೆಯ ರೇಡಿಯೋದ ಗುಂಡಿಗಳ ಪಕ್ಕ ನನ್ನದೊಂದನ್ನು ಹಾಕಿ, ಆಮೇಲೆ ತಾವೇ ಗೊಂದಲಕ್ಕೆ ಬಿದ್ದು, "ಇದ್ರಲ್ಲಿ ನಿಮ್ದು ಯಾವ್ದು?" ಎಂದರು. ತಾವೇ ಹುಡುಕಲಿ ಎಂದು ರೇಡಿಯೋವನ್ನು ಅವರತ್ತಲೇ ತಳ್ಳಿದೆ. ಇನ್ನೂರು ಗುಂಡಿ ಬೇಕೆಂದಿದ್ದಾರೆ.

ಸೋಮವಾರ ನಾನು ಬರುವುದಿಲ್ಲ. ಪ್ಯಾಕಿಂಗ್ ಮೇಜಿಗೆ ಇನ್ನು ಯಾವತ್ತೂ ಬರುವುದಿಲ್ಲ.

ನಿನ್ನ ಕಾರ್ಖಾನೆಯ ಡಬ್ಬಿ ಮುಚ್ಚಳಗಳೂ ಮಸುಕೆಂದು ವಾಪಸು ಬರುತ್ತಿವೆಯಂತೆ, ಹೊಸ ಅಚ್ಚು ಮಾಡಿಸಲು ಹೊರಟಿದ್ದೀಯಂತೆ. ಅತ್ತಿಗೆ ಹೇಳಿದರು. ಮಾಡಿಸಬೇಡ, ತಪ್ಪು ಅಚ್ಚಿನದಲ್ಲ, ಆ ಸ್ಪ್ರೇ ಬಿಡುವ ಜಿಡ್ಡಿನದು. ಮಂಗಳವಾರ ಒಂದು ದಿನ ಬರುತ್ತೇನೆ. ಅವತ್ತು ಮಶೀನಿನ ಮುಂದೆ ನಾನು ನಿಲ್ಲುತ್ತೇನೆ, ನೀನು ಪಕ್ಕದಲ್ಲಿ ಅಚ್ಚು ಒರೆಸುವ ಬಟ್ಟೆ ಹಿಡಿದುಕೊಂಡು ನಿಂತು ಕಲಿ.

ದೇವರು ನಿನಗೆ ನೂರು ವರ್ಷ ಆಯಸ್ಸು ಕೊಡಲಿ, ತಂಗಿಯ ಮಾತು ಕೇಳುವ ಕಿವಿಯನ್ನೂ ಕೊಡಲಿ.

ನಿನ್ನ ತಂಗಿ