ಮಗು ಮೈಸೂರಿನಲ್ಲಿದೆ ಎಂದೆ

ಅಪ್ಪಾ,

ಇಂದು ಬೆಳಿಗ್ಗೆ ನಮ್ಮ ಹೊಸಿಲಾಚೆ ಬಿಟ್ಟಿದ್ದ ಚಪ್ಪಲಿಯೊಂದರ ಕಿತ್ತ ಪಟ್ಟಿಗೆ ಪಿನ್ನು ಹಾಕಿತ್ತು. ಬಂದಿದ್ದವರು ನಿಮ್ಮ ಸರ್ಕಾರಿ ಶಾಲೆಯ ಶೈಲಜಮ್ಮ ಮೇಡಂ; ಒಂದನೇ ತರಗತಿಗೆ ಮಕ್ಕಳನ್ನು ಕೇಳಿಕೊಂಡು ಚಾಮರಾಜಪೇಟೆಯ ಮನೆಮನೆ ಸುತ್ತುತ್ತಿದ್ದರು. ನೀವು ತೀರಿಕೊಂಡು ಎರಡು ವರ್ಷವಾದರೂ ಅವರಿಗೆ ಇದಿನ್ನೂ ಹೆಡ್‌ಮೇಷ್ಟ್ರ ಮನೆ.

“ಈ ಸಲ ನಾಲ್ಕೇ ಮಕ್ಕಳು ಕಣಮ್ಮ. ಹೀಗೇ ಆದ್ರೆ ಮುಚ್ಚಿಬಿಡ್ತಾರೆ. ನಿಮ್ಮಣ್ಣನ ಮಗಳು ಬಂದ್ರೆ ಬೇರೆಯವರಿಗೂ ಧೈರ್ಯ ಬರುತ್ತೆ.”

ಶಿವರಂಜಿನಿಗೆ ಅಣ್ಣ ಕಾನ್ವೆಂಟಿನಲ್ಲಿ ಸೀಟು ಹಿಡಿದು ತಿಂಗಳಾಗಿತ್ತು. ಹಾಗೆನ್ನಲು ನಾಚಿ, “ಅವ್ಳು ಅಜ್ಜಿ ಜೊತೆ ಮೈಸೂರಲ್ಲಿದಾಳೆ ಮೇಡಂ, ಅಲ್ಲೇ ಓದ್ತಾಳೆ” ಎಂದುಬಿಟ್ಟೆ. ಅಷ್ಟರಲ್ಲಿ ಒಳಗಿನಿಂದ ಅವಳು ಇಂಗ್ಲಿಷ್ ಪದ್ಯವೊಂದನ್ನು ಗಟ್ಟಿಯಾಗಿ ಹೇಳತೊಡಗಿದಳು.

ಮೇಡಂ ಪೂರ್ತಿ ಕೇಳಿಸಿಕೊಂಡರು. “ಎಷ್ಟು ಚೆನ್ನಾಗಿ ಹೇಳ್ತಾಳೆ!” ಎಂದು ನಕ್ಕು, ಪಕ್ಕದ ಮನೆಗೆ ಹೋದರು.

ನನಗೆ ಅಕ್ಷರ ತಿದ್ದಿಸಿದವರು ಅವರೇ. ನಾನು ಕನ್ನಡ ಎಂ.ಎ. ಪಾಸಾದಾಗ ಶಾಲೆಗೆಲ್ಲ ಸಿಹಿ ಹಂಚಿದವರೂ ಅವರೇ.

ಅಣ್ಣನ ಮನಸ್ಸು ಬದಲಿಸಲು ನನ್ನಿಂದಾಗದು. ಮಗಳು ಹಿಂದುಳಿದಾಳೆಂಬ ಅವನ ಹೆದರಿಕೆಯೂ ಸುಳ್ಳಲ್ಲ. ನಾಳೆ ಶಾಲೆಗೆ ಹೋಗಿ ಮೇಡಂ ಮುಂದೆ ನನ್ನ ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ. ಗುರುತಿಲ್ಲದವರ ಬಾಗಿಲು ತಟ್ಟಲು ನನಗೆಷ್ಟು ಸಂಕೋಚವೆಂದು ನಿಮಗೆ ಗೊತ್ತು. ಆದರೂ ಉಳಿದ ಮನೆಗಳಿಗೆ ಅವರ ಜೊತೆ ನಾನೂ ಹೋಗುತ್ತೇನೆ.